ತುರ್ಕಿಕ್ ಭಾಷೆಗಳ ಮರೆತ ಲ್ಯಾಟಿನ್ ಅಕ್ಷರ ‘ಘ’: ಹುಟ್ಟಿದ್ದೇಕೆ, ಬಳಕೆ ತಪ್ಪಿದ್ದು ಹೇಗೆ

2024ರ ಸೆಪ್ಟೆಂಬರ್ ತಿಂಗಳಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ಸಭೆ ಸೇರಿದ ಆಯೋಗವೊಂದು, ತುರ್ಕಿಕ್ ಭಾಷೆಗಳೆಲ್ಲಕ್ಕೂ ಹೊಂದುವಂಥ 34 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಗೆ ಒಪ್ಪಿಗೆ ನೀಡಿತು. ಕಜಾಕಿಸ್ತಾನವು ರಷ್ಯನ್ ಭಾಷೆಯನ್ನು ಬರೆಯುವ ಸಿರಿಲಿಕ್ ಲಿಪಿಯನ್ನು ಬಿಟ್ಟು ಲ್ಯಾಟಿನ್‌ಗೆ ಬರುವ ಸಿದ್ಧತೆಯಲ್ಲಿರುವುದರಿಂದ ಈ ಸುದ್ದಿಗೆ ಮಹತ್ವ ಬಂದಿದೆ. ಆದರೆ ಇದೇ ಬಾಕುವಿನಲ್ಲಿ 1926ರಲ್ಲಿ, ಇದೇ ಉದ್ದೇಶದಿಂದ, ಇನ್ನೂ ದೊಡ್ಡ ಸಮ್ಮೇಳನವೊಂದು ನಡೆದಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ಸಮ್ಮೇಳನದ ನಂತರ ಸೋವಿಯತ್ ಒಕ್ಕೂಟದ ಉದ್ದಗಲಕ್ಕೂ ಹಬ್ಬಿದ ಲ್ಯಾಟಿನ್ ವರ್ಣಮಾಲೆಗಳಲ್ಲಿ ಇದ್ದ ಒಂದು ಅಕ್ಷರ ಇಂದಿನ 34ರ ಪಟ್ಟಿಯಲ್ಲಿ ಇಲ್ಲ. ಜಗತ್ತಿನ ಯಾವ ಭಾಷೆಯ ಅಧಿಕೃತ ಬರವಣಿಗೆಯಲ್ಲೂ ಅದು ಇಂದು ಉಳಿದಿಲ್ಲ. ಲಕ್ಷಾಂತರ ಮಕ್ಕಳು ಸ್ಲೇಟಿನ ಮೇಲೆ ತಿದ್ದಿ ಕಲಿತ ಅಕ್ಷರವೊಂದು ಒಂದೇ ತಲೆಮಾರಿನೊಳಗೆ ಹೀಗೆ ಮರೆಯಾದದ್ದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಅಕ್ಷರದ ರೂಪ ಮತ್ತು ಅದರ ಧ್ವನಿ

ಈ ಅಕ್ಷರವನ್ನು ಮೊದಲ ಸಲ ನೋಡುವವರಿಗೆ ಅದು ಇಂಗ್ಲಿಷಿನ ‘ಓ’ ಮತ್ತು ‘ಐ’ ಅಕ್ಷರಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಂಟಿಸಿದಂತೆ ಕಾಣುತ್ತದೆ. ಎಡಕ್ಕೆ ದುಂಡನೆಯ ಹೊಟ್ಟೆ, ಬಲಕ್ಕೆ ಅದಕ್ಕೆ ತಾಗಿಕೊಂಡ ನೆಟ್ಟನೆಯ ಗೀಟು. ಇಷ್ಟೇ ಅದರ ರೂಪ. ವರ್ಣಮಾಲೆಯಲ್ಲಿ ಅದಕ್ಕೆ ‘ಜಿ’ ಮತ್ತು ‘ಎಚ್’ ಅಕ್ಷರಗಳ ನಡುವೆ ಜಾಗ ಕೊಡಲಾಗಿತ್ತು. ತಜ್ಞರು ಅದನ್ನು ‘ಘ’ ಎಂದು ಕರೆಯುತ್ತಾರೆ, ಆದರೆ ಆ ಧ್ವನಿ ಕನ್ನಡದ ಮಹಾಪ್ರಾಣ ‘ಘ’ ಅಲ್ಲ.

ಕನ್ನಡದ ‘ಗ’ ಉಚ್ಚರಿಸುವಾಗ ನಾಲಿಗೆಯ ಹಿಂಭಾಗವು ಅಂಗುಳಕ್ಕೆ ಒಂದು ಕ್ಷಣ ಪೂರ್ತಿಯಾಗಿ ಅಂಟಿಕೊಂಡು ಉಸಿರನ್ನು ತಡೆದು ಬಿಡುತ್ತದೆ. ಅದೇ ಜಾಗದಲ್ಲಿ ನಾಲಿಗೆ ಪೂರ್ತಿ ಅಂಟದೆ, ನಡುವೆ ಸಣ್ಣ ಸಂದು ಉಳಿದು, ಉಸಿರು ಅದರಲ್ಲಿ ಉಜ್ಜಿಕೊಂಡು ಹೊರಬಂದರೆ ಹುಟ್ಟುವ ನಾದವೇ ಈ ಅಕ್ಷರದ ಧ್ವನಿ. ಅರಬ್ಬಿ ಲಿಪಿಯಲ್ಲಿ ಇದನ್ನು ‘ಘೈನ್’ ಎಂಬ ಅಕ್ಷರ ಸೂಚಿಸುತ್ತದೆ. ಉರ್ದು ಚೆನ್ನಾಗಿ ಬಲ್ಲವರು ‘ಗಜಲ್’ ಎಂಬ ಪದದ ಮೊದಲ ಅಕ್ಷರವನ್ನು ಉಚ್ಚರಿಸುವುದು ಹೀಗೆಯೇ.

ಈ ಧ್ವನಿಯಿದ್ದ ಪದಗಳು ಕರ್ನಾಟಕಕ್ಕೆ ಪಾರಸಿಯ ಮೂಲಕ ಸಾಕಷ್ಟು ಬಂದಿವೆ. ಹೈದರ್ ಅಲಿ ಬೆಂಗಳೂರಿನಲ್ಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್‌ನಲ್ಲಿರುವ ‘ಬಾಗ್’, ಕಂದಾಯ ಇಲಾಖೆಯ ಕಡತಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಬಗರ್‌ಹುಕುಂ’, ಇವೆರಡರ ‘ಗ’ಕಾರವೂ ಪಾರಸಿಯಲ್ಲಿ ಘೈನ್ ಆಗಿತ್ತು. ಕನ್ನಡದ ನಾಲಿಗೆಗೆ ಆ ಧ್ವನಿ ಬೇಕಿರಲಿಲ್ಲವಾದ್ದರಿಂದ ನಾವು ಅದನ್ನು ‘ಗ’ ಎಂದು ಮಾಡಿಕೊಂಡೆವು, ಅದರಿಂದ ಯಾವ ತೊಡಕೂ ಆಗಲಿಲ್ಲ. ಆದರೆ ಅಜರ್‌ಬೈಜಾನಿ, ತಾತಾರ್, ಉಜ್ಬೆಕ್, ಕಜಾಖ್, ಕಿರ್ಗಿಜ್ ಮೊದಲಾದ ತುರ್ಕಿಕ್ ಭಾಷೆಗಳಿಗೆ ಅದು ಎರವಲು ಧ್ವನಿಯಲ್ಲ, ಮನೆಯ ಧ್ವನಿ. ಮಗ, ಬೆಟ್ಟ, ಅಣ್ಣ ಎಂಬಂಥ ದಿನಬಳಕೆಯ ಪದಗಳಲ್ಲೇ ಅದು ಬರುತ್ತದೆ. ಅಂಥ ಧ್ವನಿಗೆ ಸ್ವಂತ ಅಕ್ಷರವಿಲ್ಲದ ವರ್ಣಮಾಲೆಯನ್ನು ಆ ಜನರಿಗೆ ಕೊಡುವಂತಿರಲಿಲ್ಲ.

ಲಿಪಿಯನ್ನೇ ಬದಲಿಸಲು ಹೊರಟದ್ದೇಕೆ

1920ರ ದಶಕದವರೆಗೂ ಈ ಭಾಷೆಗಳಲ್ಲಿ ಬಹುಪಾಲು ಅರಬ್ಬಿ ಲಿಪಿಯಲ್ಲಿದ್ದವು. ಅರಬ್ಬಿ ಲಿಪಿಗೆ ವ್ಯಂಜನಗಳೇ ಪ್ರಧಾನ. ಸ್ವರಗಳನ್ನು ಬರೆಯಲು ಅದರಲ್ಲಿ ಮೂರೇ ಅಕ್ಷರಗಳಿದ್ದು, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ತುರ್ಕಿಕ್ ಭಾಷೆಗಳಲ್ಲಿ ಎಂಟೊಂಬತ್ತು ಸ್ವರಗಳಿವೆ, ಪದದ ಅರ್ಥವೂ ಪ್ರತ್ಯಯದ ರೂಪವೂ ಆ ಸ್ವರಗಳನ್ನೇ ಆಧರಿಸಿರುತ್ತವೆ. ಹೀಗಾಗಿ ಒಂದೇ ಬರವಣಿಗೆಯನ್ನು ನಾಲ್ಕು ವಿಧವಾಗಿ ಓದಬಹುದಾದ ಸಂದರ್ಭಗಳು ಎದುರಾಗುತ್ತಿದ್ದವು. ಅಕ್ಷರವು ಪದದ ಆದಿಯಲ್ಲಿ, ನಡುವೆ, ಕೊನೆಯಲ್ಲಿ ಬೇರೆಬೇರೆ ರೂಪ ತಾಳುವುದರಿಂದ ಅಚ್ಚಿನ ಮೊಳೆಗಳ ಸಂಖ್ಯೆಯೂ ಹೆಚ್ಚುತ್ತಿತ್ತು. ಅಜರ್‌ಬೈಜಾನಿ ಲೇಖಕ ಮಿರ್ಜಾ ಫತಾಲಿ ಅಖುಂದೋವ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಈ ಕಷ್ಟವನ್ನು ಮನಗಂಡು, ಲಿಪಿ ಸುಧಾರಣೆಯ ಪ್ರಸ್ತಾವ ಹಿಡಿದು 1863ರಲ್ಲಿ ಇಸ್ತಾಂಬುಲ್‌ವರೆಗೂ ಹೋಗಿದ್ದರು.

ಸೋವಿಯತ್ ಆಡಳಿತ ಬಂದ ಮೇಲೆ ಈ ಭಾಷಿಕ ಕಾರಣದ ಜೊತೆಗೆ ರಾಜಕೀಯ ಕಾರಣವೂ ಸೇರಿತು. ಅರಬ್ಬಿ ಲಿಪಿ ಎಂದರೆ ಮದರಸಾ, ಮುಲ್ಲಾ, ಹಳೆಯ ಧಾರ್ಮಿಕ ಸಾಹಿತ್ಯ. ಅದರಿಂದ ಹೊಸ ತಲೆಮಾರನ್ನು ಬಿಡಿಸಿ ತರಬೇಕೆಂಬುದು ಆಡಳಿತದ ಇಚ್ಛೆಯಾಗಿತ್ತು. ಆದರೆ ರಷ್ಯನ್ನರ ಸಿರಿಲಿಕ್ ಲಿಪಿಯನ್ನು ಹೇರಿದರೆ ತ್ಸಾರ್ ಕಾಲದ ರಷ್ಯೀಕರಣವೇ ಮರಳಿ ಬಂತೆಂದು ಜನ ಭಾವಿಸುವ ಭಯವಿತ್ತು. ಎರಡಕ್ಕೂ ಸೇರದ ಲ್ಯಾಟಿನ್ ಲಿಪಿ ಆಗ ಎಲ್ಲರಿಗೂ ಒಪ್ಪಿಗೆಯಾಗುವ ದಾರಿಯಂತೆ ಕಂಡಿತು.

ಈ ಕೆಲಸದಲ್ಲಿ ಅಜರ್‌ಬೈಜಾನ್ ಮುಂದಿತ್ತು. ಅಲ್ಲಿ 1922ರಲ್ಲಿಯೇ ‘ಯೆನಿ ಯೋಲ್’, ಅಂದರೆ ‘ಹೊಸ ದಾರಿ’, ಎಂಬ ಪತ್ರಿಕೆ ಲ್ಯಾಟಿನ್ ಲಿಪಿಯಲ್ಲಿ ಹೊರಬಂತು. 1926ರ ಫೆಬ್ರವರಿ 26ರಿಂದ ಮಾರ್ಚ್ 6ರವರೆಗೆ ಬಾಕುವಿನಲ್ಲಿ ಮೊದಲ ತುರ್ಕಶಾಸ್ತ್ರ (ತುರ್ಕಿಕ್ ಭಾಷೆ, ಜನರ ಅಧ್ಯಯನ) ಸಮ್ಮೇಳನ ನಡೆದು, 131 ಪ್ರತಿನಿಧಿಗಳು ಪಾಲ್ಗೊಂಡರು. ಅಲ್ಲಿ ಎಲ್ಲರೂ ಲ್ಯಾಟಿನ್ ಪರವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಕಜಾಖ್ ವಿದ್ವಾಂಸ ಅಹ್ಮೆತ್ ಬೈತುರ್ಸಿನೋವ್ ತಮ್ಮ ಭಾಷೆಗೆಂದೇ ಅರಬ್ಬಿ ಲಿಪಿಯನ್ನು ಪರಿಷ್ಕರಿಸಿ, ಪ್ರತಿ ಸ್ವರವನ್ನೂ ಸ್ಪಷ್ಟವಾಗಿ ಬರೆಯುವ ವ್ಯವಸ್ಥೆಯನ್ನು ರೂಪಿಸಿದ್ದರು. ಚೆನ್ನಾಗಿ ನಡೆಯುತ್ತಿರುವ ಲಿಪಿಯನ್ನು ಬಿಡುವ ಅಗತ್ಯವಿಲ್ಲವೆಂಬ ಅವರ ವಾದಕ್ಕೆ ತೂಕವಿತ್ತು. ಆ ಲಿಪಿಯನ್ನು ಚೀನಾದ ಕಜಾಖರು ಇಂದಿಗೂ ಬಳಸುತ್ತಿದ್ದಾರೆಂಬುದೇ ಅದರ ಗಟ್ಟಿತನಕ್ಕೆ ಸಾಕ್ಷಿ. ಆದರೂ ಸಮ್ಮೇಳನದ ಬಹುಮತ ಲ್ಯಾಟಿನ್ ಕಡೆಗೆ ಹೋಯಿತು.

ನಂತರ ರಚನೆಯಾದ ಹೊಸ ತುರ್ಕಿಕ್ ವರ್ಣಮಾಲೆಯ ಕೇಂದ್ರ ಸಮಿತಿಗೆ ಅಜರ್‌ಬೈಜಾನಿನ ಸಮೆದ್ ಆಘಾ ಆಘಾಮಲಿ ಓಘ್ಲು ಅಧ್ಯಕ್ಷರಾದರು. ಅವರ ಹೆಸರನ್ನೇ ಸ್ವಲ್ಪ ಗಮನಿಸಿ. ‘ಆಘಾ’ ಎಂಬ ಗೌರವಸೂಚಕದಲ್ಲಿ ಒಮ್ಮೆ, ‘ಆಘಾಮಲಿ’ಯಲ್ಲಿ ಇನ್ನೊಮ್ಮೆ, ಮಗ ಎಂಬರ್ಥದ ‘ಓಘ್ಲು’ವಿನಲ್ಲಿ ಮತ್ತೊಮ್ಮೆ, ಹೀಗೆ ಮೂರು ಸಲ ಈ ಧ್ವನಿ ಬರುತ್ತದೆ. ಸಮಿತಿಯ ಅಧ್ಯಕ್ಷರು ತಮ್ಮ ಸಹಿಯನ್ನು ಹೊಸ ಲಿಪಿಯಲ್ಲಿ ಹಾಕಬೇಕಾದರೂ ಈ ಅಕ್ಷರವಿಲ್ಲದೆ ನಡೆಯುತ್ತಿರಲಿಲ್ಲ.

‘ಜಿ’ ಅಕ್ಷರ ಸಾಲದೆ ಹೋದದ್ದು

ಸಾಮಾನ್ಯವಾದ ಗಟ್ಟಿ ‘ಗ’ ಧ್ವನಿಗೆ ಲ್ಯಾಟಿನ್ನಿನ ‘ಜಿ’ ಆಗಲೇ ಮೀಸಲಾಗಿತ್ತು. ಉಜ್ಜು ಧ್ವನಿಗೆ ಇಂಗ್ಲಿಷಿನಲ್ಲಿ ಪಾರಸಿ ಹೆಸರುಗಳನ್ನು ಬರೆಯುವ ಪದ್ಧತಿಯಂತೆ ‘ಜಿ’ ಮತ್ತು ‘ಎಚ್’ ಸೇರಿಸಿ ಬರೆಯಬಹುದಿತ್ತು. ಆದರೆ ಒಂದು ಧ್ವನಿಗೆ ಒಂದೇ ಅಕ್ಷರ ಎಂಬುದು ಆ ಕಾಲದ ಸೋವಿಯತ್ ಭಾಷಾಶಾಸ್ತ್ರಜ್ಞರ ಮೂಲ ನಿಯಮ. ಅವರಲ್ಲಿ ಪ್ರಮುಖರಾದ ನಿಕೊಲಾಯ್ ಯಾಕೊವ್ಲೆವ್ 1928ರಲ್ಲಿ, ಒಂದು ಭಾಷೆಯ ಧ್ವನಿಗಳನ್ನೆಲ್ಲ ಅತಿ ಕಡಿಮೆ ಅಕ್ಷರಗಳಲ್ಲಿ ಬರೆಯುವುದು ಹೇಗೆಂದು ಲೆಕ್ಕಹಾಕುವ ಗಣಿತ ಸೂತ್ರವನ್ನೇ ಪ್ರಕಟಿಸಿದ್ದರು. ಜೋಡಿ ಅಕ್ಷರದಲ್ಲಿ ಇನ್ನೊಂದು ತೊಡಕಿದೆ: ಒಂದು ಪದದಲ್ಲಿ ‘ಗ್’ ಮುಗಿದು ‘ಹ’ ಆರಂಭವಾದಾಗ ಅದನ್ನು ಎರಡು ಧ್ವನಿಗಳೆಂದು ಓದಬೇಕೋ ಒಂದೆಂದೋ ತಿಳಿಯುವುದಿಲ್ಲ. ಅಕ್ಷರದ ನೆತ್ತಿಯ ಮೇಲೆ ಗುರುತು ಹಾಕುವ ದಾರಿಯೂ ಇತ್ತು, 1928ರ ನವೆಂಬರಿನಲ್ಲಿ ಲ್ಯಾಟಿನ್ ಲಿಪಿಗೆ ಬಂದ ತುರ್ಕಿ ದೇಶ ಅದನ್ನೇ ಹಿಡಿದು ‘ಜಿ’ಯ ಮೇಲೆ ಬಟ್ಟಲಿನಂಥ ಗುರುತಿಟ್ಟಿತು. ಸೋವಿಯತ್ ವಿದ್ವಾಂಸರ ಒಲವು ಮಾತ್ರ ಲೇಖನಿ ಎತ್ತದೆ ಬರೆಯಬಹುದಾದ ಸ್ವತಂತ್ರ ಅಕ್ಷರದ ಕಡೆಗಿತ್ತು.

ಆ ಸ್ವತಂತ್ರ ಅಕ್ಷರ ಬಂದದ್ದು ‘ಕ್ಯೂ’ದಿಂದ. 1900ರ ಆಸುಪಾಸಿನಲ್ಲಿ ಕೈಬರಹದಲ್ಲಿ ರೂಢಿಯಲ್ಲಿದ್ದ ಸಣ್ಣ ‘ಕ್ಯೂ’ವಿನ ಒಂದು ಬಗೆಯೇ ಇದರ ಮೂಲ, ದೊಡ್ಡಕ್ಷರವನ್ನು ಆಮೇಲೆ ಸಣ್ಣಕ್ಷರದ ಮಾದರಿಯಲ್ಲಿ ರೂಪಿಸಲಾಯಿತು. ತುರ್ಕಿಕ್, ಅರಬ್ಬಿ, ಪಾರಸಿ ಪಠ್ಯಗಳನ್ನು ಲ್ಯಾಟಿನ್‌ನಲ್ಲಿ ಬರೆದುಕೊಳ್ಳುವಾಗ ಗಂಟಲ ಹತ್ತಿರ ಹುಟ್ಟುವ ಧ್ವನಿಗಳಿಗೆ ‘ಕ್ಯೂ’ ಬಳಸುವ ಸಂಪ್ರದಾಯ ವಿದ್ವಾಂಸರಲ್ಲಿ ಮೊದಲೇ ಇತ್ತು. ಹಾಗಾಗಿ ‘ಓ’ ಮತ್ತು ‘ಐ’ಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಈ ಮಾತು ಮುಂದೆ ಕಂಪ್ಯೂಟರ್ ಕಾಲದ ಒಂದು ತಪ್ಪನ್ನು ಅರಿಯಲು ನೆರವಾಗುತ್ತದೆ.

ಹತ್ತು ಹನ್ನೆರಡು ವರ್ಷಗಳ ಆಯುಷ್ಯ

1927ರ ಜುಲೈನಲ್ಲಿ ರಷ್ಯಾದೊಳಗಿನ ಗಣರಾಜ್ಯವಾದ ತಾತಾರ್‌ಸ್ತಾನದಲ್ಲಿ ‘ಯಾಂಗಾಲಿಫ್’ ಎಂಬ ಲ್ಯಾಟಿನ್ ವರ್ಣಮಾಲೆ ಅಧಿಕೃತವಾಯಿತು. ಅಜರ್‌ಬೈಜಾನಿನಲ್ಲಿ 1929ರ ಜನವರಿ 1ರಿಂದ ಲ್ಯಾಟಿನ್ ಕಡ್ಡಾಯವಾಯಿತು. ಅದೇ ವರ್ಷದ ಆಗಸ್ಟ್ 7ರಂದು ಸೋವಿಯತ್ ಕೇಂದ್ರ ಸರ್ಕಾರವೇ ಹೊಸ ಲಿಪಿಯ ಪರವಾಗಿ ಆಜ್ಞೆ ಹೊರಡಿಸಿತು. ಉಜ್ಬೆಕ್, ಕಜಾಖ್, ಕಿರ್ಗಿಜ್, ಕ್ರಿಮಿಯಾದ ತಾತಾರ್ ಭಾಷೆಗಳೆಲ್ಲ ಇದೇ ಅಕ್ಷರವನ್ನು ತಮ್ಮದಾಗಿಸಿಕೊಂಡವು. ತುರ್ಕಿಕ್ ಕುಟುಂಬಕ್ಕೆ ಸೇರದ ಕುರ್ದಿಷ್ ಭಾಷೆಗೂ ಅದು ದೊರೆಯಿತು. ಅರ್ಮೇನಿಯಾದ ಕುರ್ದರಿಗಾಗಿ ಅರಬ್ ಶಮಿಲೋವ್ ಮತ್ತು ಐಸಾಕ್ ಮರೊಗುಲೋವ್ 1920ರ ದಶಕದ ಕೊನೆಯಲ್ಲಿ ರೂಪಿಸಿದ ವರ್ಣಮಾಲೆಯಲ್ಲಿ ಈ ಅಕ್ಷರವಿತ್ತು, ಆ ವರ್ಣಮಾಲೆಯಲ್ಲೇ 1930ರಿಂದ ಯೆರೆವಾನ್‌ನಲ್ಲಿ ‘ರಿಯಾ ತೆಜೆ’ ಪತ್ರಿಕೆ ಅಚ್ಚಾಗತೊಡಗಿತು. ಆ ಅವಧಿಯಲ್ಲಿ ಸೋವಿಯತ್ ಒಕ್ಕೂಟದ ಸುಮಾರು 50 ಭಾಷೆಗಳು ಲ್ಯಾಟಿನ್ ಲಿಪಿಗೆ ಬಂದವು. ಅದುವರೆಗೆ ಬರವಣಿಗೆಯೇ ಇಲ್ಲದಿದ್ದ ಕೆಲವು ಸಣ್ಣ ಭಾಷೆಗಳಿಗೂ ಆಗಲೇ ಮೊದಲ ಬಾಲಬೋಧೆ ಸಿದ್ಧವಾಯಿತು. ಭಾಷೆಗಳ ಇತಿಹಾಸದಲ್ಲಿ ಇಷ್ಟು ವಿಸ್ತಾರವಾದ ಲಿಪಿ ಪ್ರಯೋಗ ವಿರಳ.

ಆದರೆ 1930ರ ದಶಕದ ನಡುವಿನ ಹೊತ್ತಿಗೆ ಮಾಸ್ಕೋದ ನೀತಿ ತಿರುಗಿತು. 1938ರ ಮಾರ್ಚ್ 13ರ ಆಜ್ಞೆಯು ಎಲ್ಲ ಗಣರಾಜ್ಯಗಳ ಶಾಲೆಗಳಲ್ಲಿ ರಷ್ಯನ್ ಭಾಷೆಯನ್ನು ಕಡ್ಡಾಯ ಮಾಡಿತು. ಮಗು ರಷ್ಯನ್‌ಗೆ ಒಂದು ಲಿಪಿ, ತಾಯ್ನುಡಿಗೆ ಇನ್ನೊಂದು ಲಿಪಿ ಕಲಿಯುವುದು ಹೊರೆ ಎಂಬುದು ಹೊರಗೆ ಹೇಳಿದ ಕಾರಣ. ತುರ್ಕಿ ದೇಶವೂ ಲ್ಯಾಟಿನ್‌ಗೆ ಬಂದಿದ್ದರಿಂದ ಗಡಿಯ ಆಚೆ ಈಚೆಯ ತುರ್ಕಿಕ್ ಜನ ಪರಸ್ಪರರ ಪತ್ರಿಕೆ ಓದಬಲ್ಲವರಾಗುತ್ತಾರೆಂಬ ಆತಂಕವೂ ಆಡಳಿತಕ್ಕಿತ್ತು. 1939ರಲ್ಲಿ ತಾತಾರ್, 1940ರಲ್ಲಿ ಅಜರ್‌ಬೈಜಾನಿ, ಕಜಾಖ್, ಉಜ್ಬೆಕ್ ಮತ್ತು ಕಿರ್ಗಿಜ್ ಭಾಷೆಗಳು ಸಿರಿಲಿಕ್‌ಗೆ ಬದಲಾದವು. ಲಿಪಿಯ ಬಗ್ಗೆ ಬಾಕುವಿನಲ್ಲಿ ವಾದಿಸಿದ್ದ ಹಲವರು ಆ ವೇಳೆಗೆ ಬದುಕಿರಲಿಲ್ಲ. ಅರಬ್ಬಿ ಲಿಪಿಯ ಪರವಿದ್ದ ಬೈತುರ್ಸಿನೋವ್ ಅವರನ್ನೂ, ಲ್ಯಾಟಿನ್ ಪರವಿದ್ದ ಕ್ರಿಮಿಯಾದ ವಿದ್ವಾಂಸ ಬೆಕಿರ್ ಚೋಬನ್‌ಜಾದೆ ಅವರನ್ನೂ 1937ರಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಒಂದು ಅಕ್ಷರದ ಕಥೆ ಹೇಳುವಾಗ ಈ ಸಂಗತಿಯನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಈ ಬದಲಾವಣೆ ಸಾಮಾನ್ಯರ ಮೇಲೆ ಬೀರಿದ ಪರಿಣಾಮ ಏನೆಂದು ತಿಳಿಯಲು 1915ರಲ್ಲಿ ಬಾಕುವಿನಲ್ಲಿ ಹುಟ್ಟಿದ ವ್ಯಕ್ತಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಅವರು ಬಾಲ್ಯದಲ್ಲಿ ಅರಬ್ಬಿ ಲಿಪಿ ಕಲಿತಿರುತ್ತಾರೆ, ಹದಿಹರೆಯದಲ್ಲಿ ಲ್ಯಾಟಿನ್ ಕಲಿಯಬೇಕಾಗುತ್ತದೆ, ಇಪ್ಪತ್ತೈದಕ್ಕೆ ಸಿರಿಲಿಕ್. ಅವರು ಎಪ್ಪತ್ತಾರರವರೆಗೆ ಬದುಕಿದ್ದರೆ, 1991ರ ಡಿಸೆಂಬರಿನಲ್ಲಿ ಅದೇ ದೇಶ ಮತ್ತೆ ಲ್ಯಾಟಿನ್‌ಗೆ ಮರಳಿದ್ದನ್ನೂ ಕಾಣುತ್ತಾರೆ. ಭಾಷೆ ಒಂದೇ, ಆದರೆ ಅಜ್ಜ ಬರೆದ ಪತ್ರವನ್ನು ಮೊಮ್ಮಗ ಓದಲಾರ, ಮೊಮ್ಮಗನ ಪಠ್ಯಪುಸ್ತಕವನ್ನು ಅಜ್ಜ ಓದಲಾರ.

ಚೀನಾದಲ್ಲಿ ಎರಡನೆಯ ಬಾಳು

ಸೋವಿಯತ್ ಒಕ್ಕೂಟದಲ್ಲಿ ಮುಗಿದ ಮೇಲೂ ಈ ಅಕ್ಷರಕ್ಕೆ ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಅಲ್ಲಿನ ಉಯ್ಘುರ್ ಮತ್ತು ಕಜಾಖ್ ಭಾಷೆಗಳಿಗೆ 1960ರ ದಶಕದ ನಡುವಿನಲ್ಲಿ ಲ್ಯಾಟಿನ್ ‘ಹೊಸ ಲಿಪಿ’ ಜಾರಿಗೆ ಬಂತು. ಇದು ಸೋವಿಯತ್ ಮಾದರಿಯದಲ್ಲ, ಚೀನೀ ಭಾಷೆಯನ್ನು ಲ್ಯಾಟಿನ್‌ನಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯ ಆಧಾರದ್ದು. ಹಾಗಾಗಿ ಸೋವಿಯತ್ ವರ್ಣಮಾಲೆಗಳಲ್ಲಿ ಗಂಟಲ ಹತ್ತಿರದ ‘ಕ’ ಆಗಿದ್ದ ‘ಕ್ಯೂ’ ಇಲ್ಲಿ ‘ಚ’ ಆಯಿತು. ಸುತ್ತಲಿನ ಅಕ್ಷರಗಳ ಬೆಲೆ ಹೀಗೆ ಬದಲಾದರೂ ನಮ್ಮ ಅಕ್ಷರ ಮಾತ್ರ ತನ್ನ ಹಳೆಯ ರೂಪದಲ್ಲಿ, ಹಳೆಯ ಧ್ವನಿಯಲ್ಲೇ ಉಳಿಯಿತು. ‘ಉಯ್ಘುರ್’ ಎಂಬ ಹೆಸರಿನ ನಡುವಿನ ಧ್ವನಿಯೇ ಅದಾದ್ದರಿಂದ ಆ ಕಾಲದ ಉಯ್ಘುರ್ ಪುಸ್ತಕಗಳಲ್ಲಿ ಅದು ಮತ್ತೆಮತ್ತೆ ಎದುರಾಗುತ್ತದೆ. 1982ರಲ್ಲಿ ಅಲ್ಲಿಯೂ ಲ್ಯಾಟಿನ್ ಕೈಬಿಟ್ಟು ಅರಬ್ಬಿ ಮೂಲದ ಲಿಪಿಗಳನ್ನು ಮರಳಿ ತಂದಾಗ ಅಧಿಕೃತ ಬಳಕೆಯಲ್ಲಿ ಅದರ ಕಾಲ ಮುಗಿಯಿತು.

ಯೂನಿಕೋಡ್ ಮಾಡಿದ ತಪ್ಪು ನಾಮಕರಣ

ಕಂಪ್ಯೂಟರಿಗೆ ಅಕ್ಷರಗಳು ತಿಳಿಯವು, ಸಂಖ್ಯೆಗಳಷ್ಟೇ ತಿಳಿಯುತ್ತವೆ. ಜಗತ್ತಿನ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನೂ ಒಂದೊಂದು ಹೆಸರನ್ನೂ ಗೊತ್ತುಮಾಡುವ ವ್ಯವಸ್ಥೆಯೇ ಯೂನಿಕೋಡ್. ಹೊಲದ ಸರ್ವೆ ನಂಬರಿನಂತೆ ಇದನ್ನು ತಿಳಿಯಬಹುದು: ಹೊಲ ಪಾಳುಬಿದ್ದರೂ, ಬೆಳೆ ಬದಲಾದರೂ, ಯಜಮಾನ ಬದಲಾದರೂ ಸರ್ವೆ ನಂಬರು ಅಳಿಯುವುದಿಲ್ಲ, ಇನ್ನೊಂದು ಹೊಲಕ್ಕೆ ಅದನ್ನು ಕೊಡುವುದೂ ಇಲ್ಲ. ಯೂನಿಕೋಡ್‌ನಲ್ಲಿ ನಮ್ಮ ಅಕ್ಷರದ ದೊಡ್ಡ ರೂಪಕ್ಕೆ, ದಶಮಾನ ಎಣಿಕೆಯಲ್ಲಿ ಹೇಳುವುದಾದರೆ, 418 ಮತ್ತು ಸಣ್ಣ ರೂಪಕ್ಕೆ 419 ಎಂಬ ಸಂಖ್ಯೆಗಳಿವೆ.

ಸಂಖ್ಯೆ ಸರಿಯಾಗಿಯೇ ಇದೆ, ತಪ್ಪಿರುವುದು ಹೆಸರಿನಲ್ಲಿ. ಬಳಕೆಯ ಹಿನ್ನೆಲೆ ತಿಳಿಯದೆ ಕೇವಲ ಆಕಾರ ನೋಡಿ ಅದಕ್ಕೆ ‘ಓಐ’ ಎಂಬ ಹೆಸರನ್ನು ಕೊಡಲಾಯಿತು. ಅದರ ಉಚ್ಚಾರ ‘ಒಯ್’ ಅಲ್ಲ, ಅದು ‘ಓ’ ಮತ್ತು ‘ಐ’ಗಳಿಂದ ಹುಟ್ಟಿದ್ದೂ ಅಲ್ಲ. ತಪ್ಪು ತಿಳಿದ ಮೇಲೂ ಹೆಸರನ್ನು ತಿದ್ದುವಂತಿಲ್ಲ, ಏಕೆಂದರೆ 1996ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಈಚೆಗೆ ಯೂನಿಕೋಡ್ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲವೆಂಬ ನಿಯಮಕ್ಕೆ ಕಟ್ಟುಬಿದ್ದಿದೆ. ಅಕ್ಷರಗಳನ್ನು ಹೆಸರಿನಿಂದಲೇ ಗುರುತಿಸುವ ತಂತ್ರಾಂಶಗಳು ಜಗತ್ತಿನಾದ್ಯಂತ ಇದ್ದು, ಹೆಸರು ಬದಲಾದರೆ ಅವು ಕೆಡುತ್ತವೆ. ಹೀಗಾಗಿ ಮೂಲ ಹೆಸರನ್ನು ಹಾಗೆಯೇ ಉಳಿಸಿ, ‘ಘ’ ಎಂಬ ಅಧಿಕೃತ ಪರ್ಯಾಯ ಹೆಸರನ್ನು ಪಕ್ಕದಲ್ಲಿ ಸೇರಿಸಲಾಗಿದೆ.

ಕನ್ನಡಿಗರು ಈ ಪ್ರಸಂಗವನ್ನು ದೂರದ ಕಥೆಯೆಂದು ಬಿಡುವಂತಿಲ್ಲ. ಯೂನಿಕೋಡ್ ತಪ್ಪು ಹೆಸರು ಕೊಟ್ಟು ಆಮೇಲೆ ಪರ್ಯಾಯ ಹೆಸರು ಸೇರಿಸಬೇಕಾದ ಅಕ್ಷರಗಳ ಅದೇ ಪಟ್ಟಿಯಲ್ಲಿ ಹಳಗನ್ನಡದ ‘ೞ’ ಕೂಡ ಇದೆ. 3294 ಸಂಖ್ಯೆಯ ಈ ಅಕ್ಷರಕ್ಕೆ ಯೂನಿಕೋಡ್ ಇಟ್ಟ ಹೆಸರು ‘ಕನ್ನಡ ಅಕ್ಷರ ಫ಼’! ಫ್ಯಾನ್, ಫೋನ್ ಎಂಬ ಪದಗಳ ಮೊದಲಿನ ಧ್ವನಿಗೂ ‘ೞ’ಕಾರಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ‘ಬಾೞೆ’, ‘ಏೞು’, ‘ಪೞಗನ್ನಡ’ ಎಂದು ಬರೆಯುತ್ತಿದ್ದ ಕಾಲದ, ತಮಿಳು ಮತ್ತು ಮಲಯಾಳಗಳಲ್ಲಿ ಇಂದಿಗೂ ಜೀವಂತವಾಗಿರುವ ಧ್ವನಿ ಅದು. ಹದಿಮೂರನೆಯ ಶತಮಾನದ ಕೇಶಿರಾಜನ ಹೊತ್ತಿಗೇ ಅದು ಮಾತಿನಲ್ಲಿ ಮಸುಕಾಗುತ್ತಿದ್ದುದರಿಂದ, ಯಾವ ಪದಗಳಲ್ಲಿ ‘ೞ’ ಬರಬೇಕೆಂದು ಆತ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಮಾಡಿ ಕೊಟ್ಟ. ‘ೞ’ ಅಳಿದದ್ದು ನಾಲಿಗೆಯ ಸಹಜ ಬದಲಾವಣೆಯಿಂದ, ಶತಮಾನಗಳ ಅವಧಿಯಲ್ಲಿ. ತುರ್ಕಿಕ್ ‘ಘ’ ಅಳಿದದ್ದು ಸರ್ಕಾರಿ ಆಜ್ಞೆಯಿಂದ, ಕೆಲವೇ ತಿಂಗಳುಗಳಲ್ಲಿ, ಅದೂ ಧ್ವನಿ ಜನರ ಬಾಯಲ್ಲಿ ಗಟ್ಟಿಯಾಗಿ ಉಳಿದಿರುವಾಗಲೇ.

ಧ್ವನಿ ಇಂದು ಎಲ್ಲಿದೆ

ಅಕ್ಷರ ಹೋದರೂ ಧ್ವನಿ ಇದ್ದುದರಿಂದ ಪ್ರತಿಯೊಂದು ಭಾಷೆಯೂ ಬೇರೆ ದಾರಿ ಹುಡುಕಿಕೊಂಡಿತು. ಅಜರ್‌ಬೈಜಾನಿಯಲ್ಲಿ ಈಗ ತುರ್ಕಿ ದೇಶದವರಂತೆ ‘ಜಿ’ಯ ಮೇಲೆ ಬಟ್ಟಲಿನ ಗುರುತು ಇಡುತ್ತಾರೆ, 34 ಅಕ್ಷರಗಳ ಹೊಸ ಪಟ್ಟಿಯೂ ಅದನ್ನೇ ಸ್ವೀಕರಿಸಿದೆ. ಉಜ್ಬೆಕಿಸ್ತಾನವು 1993ರಲ್ಲಿ ಆ ರೂಪವನ್ನೇ ಆರಿಸಿಕೊಂಡು, 1995ರಲ್ಲಿ ಅದನ್ನು ಬಿಟ್ಟು ‘ಜಿ’ಯ ಪಕ್ಕದಲ್ಲಿ ಮೇಲ್ಗಡೆ ಅಲ್ಪವಿರಾಮದಂಥ ಚಿಹ್ನೆ ಹಾಕುವ ಪದ್ಧತಿಗೆ ಹೋಯಿತು. ಕಜಾಖ್ ಸಿರಿಲಿಕ್‌ನಲ್ಲಿ ‘ಗ’ಕಾರಕ್ಕೆ ಒಂದು ಅಡ್ಡಗೀಟು ಎಳೆದು ಈ ಧ್ವನಿಯನ್ನು ಸೂಚಿಸುತ್ತಾರೆ. ಉಯ್ಘುರ್ ಮರಳಿ ಘೈನ್‌ಗೆ ಬಂದಿದೆ.

ತಾತಾರ್ ಭಾಷೆಯ ಪರಿಸ್ಥಿತಿ ಇವೆಲ್ಲಕ್ಕಿಂತ ತೊಡಕಿನದು. ಅದರ ಸಿರಿಲಿಕ್ ವರ್ಣಮಾಲೆಯಲ್ಲಿ ಈ ಧ್ವನಿಗೆ ಪ್ರತ್ಯೇಕ ಅಕ್ಷರವೇ ಇಲ್ಲ, ಗಟ್ಟಿ ‘ಗ’ಕ್ಕೂ ಉಜ್ಜು ‘ಘ’ಕ್ಕೂ ಒಂದೇ ಅಕ್ಷರ ನಡೆಯುತ್ತದೆ. ಯಾವುದನ್ನು ಎಲ್ಲಿ ಓದಬೇಕೆಂದು ಓದುಗ ಅಕ್ಕಪಕ್ಕದ ಸ್ವರಗಳಿಂದ ಊಹಿಸಬೇಕು. ಕುಟುಂಬ ಎಂಬರ್ಥದ ‘ಘಾಯಿಲೆ’ ಎಂಬ ಪದದಲ್ಲಿ ಮೊದಲ ಸ್ವರವನ್ನು ಬರೆಯುವುದು ಒಂದು ಬಗೆ, ಉಚ್ಚರಿಸುವುದು ಇನ್ನೊಂದು ಬಗೆ. ವ್ಯಂಜನ ಯಾವುದೆಂದು ತಿಳಿಸುವ ಸಲುವಾಗಿಯೇ ಸ್ವರವನ್ನು ಹಾಗೆ ಬದಲಿಸಿ ಬರೆಯುತ್ತಾರೆ. ತಾತಾರ್‌ಸ್ತಾನ 1999ರಲ್ಲಿ ಲ್ಯಾಟಿನ್‌ಗೆ ಮರಳುವ ಕಾನೂನು ಮಾಡಿತಾದರೂ, ಗಣರಾಜ್ಯಗಳ ಅಧಿಕೃತ ಭಾಷೆಗಳು ಸಿರಿಲಿಕ್‌ನಲ್ಲೇ ಇರಬೇಕೆಂದು ರಷ್ಯಾ 2002ರಲ್ಲಿ ತಂದ ಕಾನೂನಿನಿಂದ ಅದು ನಿಂತುಹೋಯಿತು. 2004ರಲ್ಲಿ ರಷ್ಯಾದ ಸಂವಿಧಾನ ನ್ಯಾಯಾಲಯವೂ ಆ ನಿರ್ಬಂಧವನ್ನು ಎತ್ತಿಹಿಡಿಯಿತು.

ಇದರ ಪ್ರಾಯೋಗಿಕ ಪರಿಣಾಮ ಹಳೆಯ ಪುಸ್ತಕಗಳನ್ನು ಗಣಕೀಕರಿಸುವವರಿಗೆ ಚೆನ್ನಾಗಿ ಗೊತ್ತು. 1930ರ ದಶಕದ ತಾತಾರ್ ಪುಟವೊಂದನ್ನು ಸ್ಕ್ಯಾನ್ ಮಾಡಿ, ಅದರಲ್ಲಿನ ಈ ಅಕ್ಷರವನ್ನು ಇಂದಿನ ಸಿರಿಲಿಕ್ ‘ಗ’ಕಾರಕ್ಕೆ ಬದಲಿಸಿದರೆ ಓದುಗನಿಗೆ ಪಠ್ಯ ಸಿಗುತ್ತದೆ, ಆದರೆ ಆ ಕಾಲದ ಲೇಖಕ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಬರೆದಿದ್ದನೆಂಬ ಮಾಹಿತಿ ಕಳೆದುಹೋಗುತ್ತದೆ. ಆ ಸಿರಿಲಿಕ್ ಪಠ್ಯದಿಂದ ಮೂಲಕ್ಕೆ ಮರಳುವಾಗ ಯಂತ್ರ ತಡವರಿಸುತ್ತದೆ. ಅಚ್ಚಿನಲ್ಲಿ ಇದ್ದಂತೆಯೇ, 419 ಎಂಬ ಸಂಖ್ಯೆಯ ಆ ಅಕ್ಷರವನ್ನೇ ಉಳಿಸಿಕೊಂಡು ಪಠ್ಯವನ್ನು ದಾಖಲಿಸಿದರೆ ಮಾತ್ರ ಅದರಿಂದ ಸಿರಿಲಿಕ್ ರೂಪವನ್ನಾಗಲಿ ಹೊಸ ಲ್ಯಾಟಿನ್ ರೂಪವನ್ನಾಗಲಿ ಯಾವಾಗ ಬೇಕಾದರೂ ತಯಾರಿಸಿಕೊಳ್ಳಬಹುದು.